ಗುಂಪುಗಟ್ಟಿದ ಹೂಗಿಡಗಳನ್ನು ಕಿತ್ತು ಭಾಗ ಮಾಡುವುದು: ಯಾವಾಗ, ಹೇಗೆ, ಎಷ್ಟು ತುಂಡು?

ಹೂಪಾತಿ:

ಒಂದೇ ಪಾತಿಯಲ್ಲಿ ಐದು ವರ್ಷದಿಂದ ಅಲುಗಾಡಿಸದೆ ಬಿಟ್ಟ ಗಿಡಗಳ ಬಗ್ಗೆ ಕೇಳುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಕ್ಯಾನಾ ಮತ್ತು ಒಂದು ದೊಡ್ಡ ಹೆಲಿಕೋನಿಯಾ, ನಡುವೆ ಡೇಲಿಲಿ ಮತ್ತು ಅಗಪ್ಯಾಂಥಸ್, ಮುಂದಿನ ಅಂಚಿಗೆ ಸೇವಂತಿಗೆ. ಮೊದಲೆರಡು ವರ್ಷ ಚೆನ್ನಾಗಿ ಹೂಬಿಟ್ಟವು. ಈಗ ಎಲೆ ದಟ್ಟ, ಹೂ ಕಡಿಮೆ. ಡೇಲಿಲಿಯ ನಡುಭಾಗ ಬೋಳಾಗಿ ಒಣಗಿದ ಬುಡ ಮಾತ್ರ ಉಳಿದಿದೆ, ಹಸಿರೆಲ್ಲ ಸುತ್ತಲ ಅಂಚಿನಲ್ಲಿದೆ. ಸೇವಂತಿಗೆ ಕಡ್ಡಿಗಳು ಉದ್ದ ಬೆಳೆದು ಮಗುಚಿ ಬೀಳುತ್ತಿವೆ. ಕ್ಯಾನಾ ಗೆಡ್ಡೆಗಳು ಒಂದರ ಮೇಲೊಂದು ಹತ್ತಿ ಮಣ್ಣಿನಿಂದ ಹೊರಗೇ ಕಾಣುತ್ತಿವೆ.

ಭಾಗ ಮಾಡಬೇಕು ಎಂಬುದು ಗೊತ್ತು. ತಿಳಿಯಬೇಕಾದದ್ದು ಇಷ್ಟು. ಎಲ್ಲವನ್ನೂ ಒಂದೇ ಸಲ ಕೀಳಬಹುದೇ, ಒಂದೊಂದಕ್ಕೂ ಬೇರೆ ಕಾಲವೇ? ಬೇರು ಹೆಣೆದುಕೊಂಡ ಗುಂಪನ್ನು ಹರಿಯದಂತೆ ಎತ್ತುವುದು ಹೇಗೆ? ಒಂದು ತುಂಡಿನಲ್ಲಿ ಎಷ್ಟು ಚಿಗುರು ಉಳಿಸಬೇಕು? ನೆಡುವಾಗ ಗುಂಡಿಗೆ ಗೊಬ್ಬರ ಹಾಕಬೇಕೇ? ಇನ್ನೊಂದು, ಎರಡು ಕ್ಯಾನಾ ಬುಡಗಳ ಎಲೆಯಲ್ಲಿ ನರದ ಉದ್ದಕ್ಕೂ ಹಳದಿ ಗೀರುಗಳಿವೆ. ಪೋಷಕಾಂಶದ ಕೊರತೆ ಎಂದುಕೊಂಡು ಅವನ್ನೂ ಒಡೆದು ನೆಡಬಹುದೇ?

ಬೇರುಬಳಗ:

ಮೊದಲು ಕಾಲದ ವಿಚಾರ. ಭಾಗ ಮಾಡಿದ ಗಿಡ ಸಾಯುವುದು ಹೆಚ್ಚಾಗಿ ಕತ್ತರಿಸಿದ ರೀತಿಯಿಂದಲ್ಲ, ಕಿತ್ತ ಹೊತ್ತಿನಿಂದ. ಬುಡ ಎತ್ತಿದಾಗ ನೀರು ಹೀರುವ ಸಣ್ಣ ತಂತುಬೇರುಗಳಲ್ಲಿ ಬಹುಪಾಲು ಮಣ್ಣಿನಲ್ಲೇ ಉಳಿದುಹೋಗುತ್ತವೆ. ಎಲೆಗಳು ಮಾತ್ರ ಮೊದಲಿನಷ್ಟೇ ನೀರನ್ನು ಆವಿಯಾಗಿ ಬಿಡುತ್ತಿರುತ್ತವೆ. ಹೊಸ ಬೇರು ಬರುವ ತನಕ ಈ ಕೊರತೆ ತುಂಬುವುದಿಲ್ಲ. ಅದರ ಮೇಲೆ ಗಿಡ ಹೂವಿನಲ್ಲಿದ್ದರೆ ಕೂಡಿಟ್ಟ ಶಕ್ತಿಯೆಲ್ಲ ಹೂವಿಗೇ ಹೋಗುತ್ತದೆ, ಬೇರಿಗೆ ಏನೂ ಉಳಿಯುವುದಿಲ್ಲ.

ಹಾಗಾಗಿ ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ. ಬೆಳವಣಿಗೆಯ ಕಾಲದ ಮೊದಲರ್ಧದಲ್ಲಿ ಹೂ ಮುಗಿಸುವ ಗಿಡಗಳನ್ನು ಹೂ ಮುಗಿದ ಮೇಲೆ ಕೀಳುವುದು. ತಡವಾಗಿ ಹೂಬಿಡುವವನ್ನು ಹೊಸ ಚಿಗುರು 5ರಿಂದ 8 ಸೆಂ.ಮೀ. ಬಂದಾಗ ಕೀಳುವುದು. ಚಳಿಗೆ ಮಣ್ಣು ಹೆಪ್ಪುಗಟ್ಟುವ ಊರಾದರೆ ಅದಕ್ಕೆ 4ರಿಂದ 6 ವಾರ ಮುಂಚೆ ನೆಟ್ಟು ಮುಗಿಸಬೇಕು, ಇಲ್ಲದಿದ್ದರೆ ಬೇರು ಹಿಡಿಯುವ ಮೊದಲೇ ಮಣ್ಣು ಉಬ್ಬಿ ಗಿಡವನ್ನು ಮೇಲಕ್ಕೆ ತಳ್ಳುತ್ತದೆ. ಬಿಸಿಲಿನ ಊರಾದರೆ ಎರಡು ಹೊತ್ತು ಬೇಡ: ಸುಡುಬಿಸಿಲಿನ ವಾರಗಳು, ಮತ್ತು ಪಾತಿಯಲ್ಲಿ ನೀರು ನಿಲ್ಲುವ ಜಡಿಮಳೆಯ ವಾರಗಳು. ಮೊದಲನೆಯದರಲ್ಲಿ ಎಲೆ ಒಣಗುತ್ತದೆ, ಎರಡನೆಯದರಲ್ಲಿ ಕತ್ತರಿಸಿದ ಗಾಯ ಕೊಳೆಯುತ್ತದೆ. ಮಣ್ಣು ಹದವಾಗಿ ನೆನೆದು, ಆಕಾಶ ಮೋಡವಾಗಿರುವ ದಿನ ಎಲ್ಲ ಕಡೆಗೂ ಒಳ್ಳೆಯದು.

ನಿಮ್ಮ ಪಟ್ಟಿಗೆ ಇದನ್ನು ಹೊಂದಿಸಿದರೆ ಡೇಲಿಲಿ ಮತ್ತು ಅಗಪ್ಯಾಂಥಸ್ ಹೂ ಮುಗಿದ ಕೂಡಲೇ. ಕ್ಯಾನಾ, ಹೆಲಿಕೋನಿಯಾ ಮಣ್ಣು ಬೆಚ್ಚಗಾಗಿ ಗೆಡ್ಡೆಯ ಕಣ್ಣು ಉಬ್ಬುವಾಗ. ಸೇವಂತಿಗೆ ಹೂ ಕತ್ತರಿಸಿದ ನಂತರ ಬುಡದಿಂದ ಮರಿಗಳು ಎದ್ದಾಗ. ಒಂದೇ ದಿನ ಐದನ್ನೂ ಕೀಳಬೇಡಿ.

ಕೀಳುವ ಕ್ರಮ. ಹೊಸ ಗುಂಡಿಗಳನ್ನು ಮೊದಲೇ ತೋಡಿಡಿ. ಗಿಡ ಎತ್ತಿದ ಮೇಲೆ ಗುಂಡಿ ತೋಡಲು ಹೊರಟರೆ ಅಷ್ಟು ಹೊತ್ತೂ ಬೇರು ಗಾಳಿಗೆ ಒಣಗುತ್ತಿರುತ್ತದೆ. ಹಿಂದಿನ ದಿನ ಬುಡಕ್ಕೆ ಆಳವಾಗಿ ಇಳಿಯುವಂತೆ ನೀರು ಕೊಡಿ, ಗಿಡ ನೀರು ತುಂಬಿಕೊಂಡಿರಬೇಕು, ಮಣ್ಣು ಮಾತ್ರ ಕೆಸರಾಗಿರಬಾರದು. ಎಲೆಗಳನ್ನು ಅರ್ಧದಿಂದ ಮೂರನೇ ಎರಡು ಭಾಗದಷ್ಟು ಕತ್ತರಿಸಿ. ನೋಡಲು ಕ್ರೂರ ಎನಿಸಿದರೂ ಇದನ್ನು ಬಿಡಬೇಡಿ, ನೀರಿನ ಲೆಕ್ಕ ಸರಿತೂಗುವುದು ಇದರಿಂದಲೇ.

ಗುಂಪಿನ ಅಂಚಿನಿಂದ 10ರಿಂದ 15 ಸೆಂ.ಮೀ. ಹೊರಗೆ ಸಲಿಕೆಯನ್ನು ನೇರ ಕೆಳಕ್ಕೆ, 20ರಿಂದ 25 ಸೆಂ.ಮೀ. ಆಳಕ್ಕೆ ತುಳಿದು ಇಳಿಸಿ. ಸುತ್ತಲೂ ಹೀಗೆ ಕತ್ತರಿಸಿ ಮುಗಿಸುವ ತನಕ ಮೀಟಬೇಡಿ. ಒಂದು ಕಡೆಯಷ್ಟೇ ಕತ್ತರಿಸಿ ಮೀಟಿದರೆ ಇನ್ನೊಂದು ಕಡೆಯ ಬೇರು ಬುಡದ ಹತ್ತಿರವೇ ಹರಿಯುತ್ತದೆ. ಎರಡನೇ ಸುತ್ತಿನಲ್ಲಿ ಸಲಿಕೆಯನ್ನು ಓರೆಯಾಗಿ ಬುಡದ ಅಡಿಗೆ ತೂರಿಸಿ, ನಾಲ್ಕೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎತ್ತಿ. ಬುಡ ಸಡಿಲವಾದ ಮೇಲೆ ಹಾರೆ ಕೊಟ್ಟು ಮೀಟಬಹುದು. ಎಲೆ ಅಥವಾ ಕಾಂಡ ಹಿಡಿದು ಎಳೆಯಬಾರದು, ಬುಡದ ಕಣ್ಣುಗಳು ಅಲ್ಲೇ ಕಳಚಿಕೊಳ್ಳುತ್ತವೆ. ಗುಂಪು ತೀರಾ ಭಾರವಾಗಿದ್ದರೆ ನೆಲದಲ್ಲಿರುವಾಗಲೇ ಹರಿತ ಸಲಿಕೆಯಿಂದ ನಾಲ್ಕು ಹೋಳು ಮಾಡಿ ಒಂದೊಂದೇ ಹೋಳನ್ನು ಎತ್ತಿ ಗೋಣಿಚೀಲದ ಮೇಲೆ ಇಡಿ.

ಬಿಡಿಸುವಾಗ ಬೇರಿನ ಜಾತಿ ನೋಡಬೇಕು. ಸಣ್ಣ ಬೇರಿನ ಸಡಿಲ ಗುಂಪು ಕೈಯಲ್ಲೇ ಬಿಡುತ್ತದೆ. ಹೆಣೆದುಕೊಂಡ ಗುಂಪಿಗೆ ಎರಡು ಗಾರ್ಡನ್ ಫೋರ್ಕ್ ಬೇಕು: ಎರಡನ್ನೂ ಬೆನ್ನಿಗೆ ಬೆನ್ನು ತಾಗುವಂತೆ ಗುಂಪಿನ ನಡುವೆ ಇಳಿಸಿ, ಹಿಡಿಗಳನ್ನು ಮೊದಲು ಒಂದರ ಕಡೆಗೊಂದು ತಂದು ಆಮೇಲೆ ದೂರ ತಳ್ಳಿ. ಬೇರುಗಳು ತುಂಡಾಗದೆ ಒಂದರಿಂದ ಒಂದು ಜಾರಿ ಬಿಡುತ್ತವೆ. ಅದಕ್ಕೂ ಬಗ್ಗದ, ಕಟ್ಟಿಗೆಯಾದ ಬುಡಕ್ಕೆ ಕೈಗರಗಸವೇ ಸರಿ. ಗೆಡ್ಡೆಗಳನ್ನು ಎರಡು ಗೆಡ್ಡೆ ಸೇರುವ ಸಪೂರ ಜಾಗದಲ್ಲಿ ಚಾಕುವಿನಿಂದ ಕತ್ತರಿಸಬೇಕು, ಮುರಿಯಬಾರದು. ಮುರಿದ ಗಾಯ ಒರಟಾಗಿರುತ್ತದೆ, ಬೇಗ ಮಾಯುವುದಿಲ್ಲ.

ಯಾವ ತುಂಡಾದರೂ ಅದರಲ್ಲಿ ಎರಡು ಕಾಣಬೇಕು: ಮುಂದೆ ಚಿಗುರುವ ಕಣ್ಣು ಅಥವಾ ಸುಳಿ, ಮತ್ತು ಅದಕ್ಕೆ ಸೇರಿದ ಬೇರು ಅಥವಾ ಆಹಾರ ತುಂಬಿದ ಗೆಡ್ಡೆ. ಕಣ್ಣು ಕಾಣದಿದ್ದರೆ ಕತ್ತರಿಸುವ ಮೊದಲು ಪೈಪಿನ ನೀರಿನಿಂದ ಮಣ್ಣು ತೊಳೆದು ನೋಡಿ. 3ರಿಂದ 5 ಚಿಗುರಿನ, ಮುಷ್ಟಿಗಿಂತ ದೊಡ್ಡ ತುಂಡು ಮುಂದಿನ ಋತುವಿಗೇ ಹೂ ಕೊಡುವ ಸಾಧ್ಯತೆ ಹೆಚ್ಚು. ಒಂದೇ ಚಿಗುರಿನ ತುಂಡು ಬದುಕುತ್ತದೆ, ಹೂವಿಗೆ ಮಾತ್ರ ಒಂದೋ ಎರಡೋ ವರ್ಷ ಕಾಯಿಸುತ್ತದೆ.

ಬೋಳಾದ ನಡುಭಾಗವನ್ನು ಎಸೆದುಬಿಡಿ. ಅದು ಗುಂಪಿನ ಅತಿ ಹಳೆಯ ಭಾಗ, ಕಟ್ಟಿಗೆಯಾಗಿರುತ್ತದೆ, ಕಣ್ಣುಗಳು ಮುಗಿದಿರುತ್ತವೆ, ಅದರಡಿಯ ಮಣ್ಣಿನ ಸಾರವೂ ಬತ್ತಿರುತ್ತದೆ. ಹೊರ ಅಂಚಿನ ಎಳೆಯ ಭಾಗಗಳೇ ನಿಮ್ಮ ಹೊಸ ಗಿಡ.

ಕೆಂಗೆಡ್ಡೆ:

ಬೇರುಬಳಗ ಅವರು ಹೇಳಿದ ಮೇಲೆ ಸಾಮಾನ್ಯ ವಿಧಾನದ ಬಗ್ಗೆ ಸೇರಿಸುವುದು ಏನೂ ಇಲ್ಲ. ಗಿಡವಾರು ವಿವರ ಕೊಡುತ್ತೇನೆ.

ಕ್ಯಾನಾದ ಒಂದು ಕಾಂಡ ತನ್ನ ಹೂಗೊಂಚಲುಗಳನ್ನು ಬಿಟ್ಟು ಮುಗಿಸಿದರೆ ಮತ್ತೆ ಹೂಬಿಡುವುದಿಲ್ಲ. ಅದನ್ನು ನೆಲಮಟ್ಟಕ್ಕೆ ಕತ್ತರಿಸಬೇಕು, ಇದನ್ನು ಮಾಡದೆ ಬಿಟ್ಟ ಗುಂಪುಗಳೇ ಬೇಗ ಇಕ್ಕಟ್ಟಾಗುವುದು. ಕಿತ್ತ ಮೇಲೆ ಮಣ್ಣು ತೊಳೆದರೆ ಗೆಡ್ಡೆಯ ಮೇಲೆ ಚೂಪಾದ, ಬಿಳಿ ಅಥವಾ ನಸುಗೆಂಪು ಕಣ್ಣುಗಳು ಕಾಣುತ್ತವೆ. ಪ್ರತಿ ತುಂಡಿಗೆ 2ರಿಂದ 3 ಕಣ್ಣು ಇರಲಿ. ಸುಕ್ಕುಗಟ್ಟಿದ, ಒಳಗೆ ಟೊಳ್ಳಾದ ಹಳೆಯ ಗೆಡ್ಡೆ ಬೇಡ. ಕತ್ತರಿಸಿದ ತುಂಡುಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದೆರಡು ದಿನ ಹರಡಿಡಿ. ಗಾಯದ ಮೇಲೆ ಒಣ ಪದರ ಕಟ್ಟಿದ ಮೇಲೆ 8ರಿಂದ 10 ಸೆಂ.ಮೀ. ಆಳದಲ್ಲಿ, ಅಡ್ಡಲಾಗಿ, ಕಣ್ಣು ಮೇಲ್ಮುಖವಾಗಿ ಇಟ್ಟು ಮುಚ್ಚಿ. ಅಂತರ 45ರಿಂದ 60 ಸೆಂ.ಮೀ. ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಚಿಗುರು ಮಣ್ಣಿನಿಂದ ಹೊರಬರುವ ತನಕ ಮಣ್ಣು ತೇವ ಉಳಿಯುವಷ್ಟೇ ಕೊಡಿ. ಬೇರಿಲ್ಲದ ಗೆಡ್ಡೆ ನೀರು ಹೀರುವುದಿಲ್ಲ, ಹೆಚ್ಚು ನೀರು ಅದನ್ನು ಕೊಳೆಸುತ್ತದೆ ಅಷ್ಟೇ.

ಡೇಲಿಲಿಯಲ್ಲಿ ಬೀಸಣಿಗೆಯ ಆಕಾರದ ಎಲೆಗುಚ್ಛ ಒಂದೊಂದೂ ಒಂದು ಗಿಡ. 2ರಿಂದ 3 ಗುಚ್ಛಕ್ಕೆ ಒಂದು ತುಂಡು ಮಾಡಿ, ಎಲೆಯನ್ನು 15 ಸೆಂ.ಮೀ.ಗೆ ಕತ್ತರಿಸಿ. ಚಾಕು ಬಳಸಬೇಕಾಗಿ ಬಂದರೆ ಎರಡು ಗುಚ್ಛಗಳ ನಡುವೆ ಮೇಲಿನಿಂದ ಕೆಳಕ್ಕೆ ಇಳಿಸಿ, ಅಡ್ಡ ಕತ್ತರಿಸಿದರೆ ಬುಡವೂ ಬೇರೂ ಬೇರೆಯಾಗಿಬಿಡುತ್ತವೆ. ಗುಂಡಿಯ ತಳದಲ್ಲಿ ಮಣ್ಣಿನ ಸಣ್ಣ ದಿಬ್ಬ ಮಾಡಿ ಅದರ ಮೇಲೆ ಬುಡ ಕೂರಿಸಿ, ಬೇರುಗಳನ್ನು ಸುತ್ತಲೂ ಕೆಳಮುಖವಾಗಿ ಇಳಿಬಿಡಿ. ಎಲೆ ಮತ್ತು ಬೇರು ಸೇರುವ ಜಾಗ ಮಣ್ಣಿನಿಂದ 2.5 ಸೆಂ.ಮೀ. ಕೆಳಗಿದ್ದರೆ ಸಾಕು. ಅದಕ್ಕಿಂತ ಬಹಳ ಆಳ ಹೋದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಇದನ್ನು 3ರಿಂದ 5 ವರ್ಷಕ್ಕೊಮ್ಮೆ ಒಡೆಯುವುದು ವಾಡಿಕೆ.

ಅಗಪ್ಯಾಂಥಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅದು ತುಸು ಇಕ್ಕಟ್ಟಿನಲ್ಲೇ ಚೆನ್ನಾಗಿ ಹೂಬಿಡುವ ಗಿಡ. ಹೂ ನಿಜವಾಗಿಯೂ ಇಳಿದಿದ್ದರೆ ಮಾತ್ರ ಕೀಳಿ. ಅದಕ್ಕೂ ಮೊದಲು ನೆರಳು ಬಂದಿದೆಯೇ ನೋಡಿ. ಪಕ್ಕದ ಹೆಲಿಕೋನಿಯಾ ಎತ್ತರ ಬೆಳೆದು ಬಿಸಿಲು ಮುಚ್ಚಿದ್ದರೆ ಅಗಪ್ಯಾಂಥಸ್ ಒಡೆದು ಪ್ರಯೋಜನವಿಲ್ಲ, ಜಾಗ ಬದಲಿಸಬೇಕು. ಒಡೆಯಲೇಬೇಕಾದರೆ ದಪ್ಪ ಬಿಳಿ ಬೇರುಗಳು ಒತ್ತೊತ್ತಾಗಿ ಸೇರಿರುತ್ತವೆ, ಕೈಗೆ ಬಗ್ಗುವುದಿಲ್ಲ, ಗರಗಸವೇ ಬೇಕು. ಪ್ರತಿ ತುಂಡಿಗೆ ಕನಿಷ್ಠ 2ರಿಂದ 3 ಸುಳಿ ಬಿಡಿ. ಜಜ್ಜಿಹೋದ ಬೇರಿನ ತುದಿಯನ್ನು ಹರಿತ ಚಾಕುವಿನಿಂದ ನೇರವಾಗಿ ಕತ್ತರಿಸಿ. ಮುಂದಿನ ವರ್ಷ ಹೂ ತೀರಾ ಕಡಿಮೆ ಇರಬಹುದು, ಗಾಬರಿ ಬೇಡ. ಇದರ ರಸ ಕೆಲವರ ಚರ್ಮಕ್ಕೆ ಉರಿ ತರುತ್ತದೆ, ಕೈಗವಸು ಹಾಕಿಕೊಳ್ಳಿ.

ಹೆಲಿಕೋನಿಯಾದ ಒಂದು ಕಾಂಡ ಒಮ್ಮೆ ಮಾತ್ರ ಹೂಬಿಡುತ್ತದೆ. ನೆಡಲು ಹೂಬಿಡದ ಕಾಂಡವಿರುವ ಗೆಡ್ಡೆಯನ್ನೇ ಆರಿಸಿ. ಕಾಂಡವನ್ನು 15ರಿಂದ 30 ಸೆಂ.ಮೀ. ಉಳಿಸಿ ಕತ್ತರಿಸಿ, ಒಣಗಿದ ಎಲೆಪಟ್ಟೆ ಮತ್ತು ಕಪ್ಪಾದ ಬೇರು ತೆಗೆದು, ಗೆಡ್ಡೆಯ ಬದಿಯಲ್ಲಿ ಒಂದಾದರೂ ದಪ್ಪ ಕಣ್ಣು ಇರುವುದನ್ನು ಖಚಿತ ಮಾಡಿಕೊಂಡು ನೆಡಿ. ಉಳಿಸಿದ ಕಾಂಡ ಒಣಗಿದಂತೆ ಕಂಡರೂ ಕಿತ್ತು ನೋಡಬೇಡಿ, ಹೊಸ ಗಿಡ ಬರುವುದು ಬದಿಯ ಕಣ್ಣಿನಿಂದ, ಆ ಕಾಂಡದಿಂದಲ್ಲ. ದೊಡ್ಡ ಜಾತಿಯಾದರೆ ಒಂದು ಮೀಟರಿಗಿಂತ ಹೆಚ್ಚು ಅಂತರ ಬೇಕು.

ಸೇವಂತಿಗೆ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಬೇಗ ಹಾಳಾಗುವುದೂ ಅದೇ. ಒಂದೆರಡು ವರ್ಷಕ್ಕೊಮ್ಮೆ ಒಡೆಯಬೇಕು. ಹೂ ಮುಗಿದ ಮೇಲೆ ಕಡ್ಡಿಯನ್ನು 10ರಿಂದ 15 ಸೆಂ.ಮೀ. ಬಿಟ್ಟು ಕತ್ತರಿಸಿದರೆ ಬುಡದ ಸುತ್ತ ಮರಿಗಳು ಏಳುತ್ತವೆ. ಅವು 8ರಿಂದ 10 ಸೆಂ.ಮೀ. ಆದಾಗ ಹೊರಸುತ್ತಿನವನ್ನು ಬೇರು ಸಮೇತ ಬಿಡಿಸಿ 30ರಿಂದ 45 ಸೆಂ.ಮೀ. ಅಂತರದಲ್ಲಿ ನೆಡಿ, ತಾಯಿಬುಡ ಎಸೆಯಿರಿ. ಗಿಡ 15 ಸೆಂ.ಮೀ. ಎತ್ತರವಾದಾಗ ತುದಿಕುಡಿ ಚಿವುಟಿದರೆ ಕವಲೊಡೆದು ಗಿಡ್ಡವಾಗಿ ನಿಲ್ಲುತ್ತದೆ. ಮಗುಚಿ ಬೀಳುವುದಕ್ಕೆ ಇಕ್ಕಟ್ಟಿನಷ್ಟೇ ಬಿಸಿಲಿನ ಕೊರತೆ ಮತ್ತು ಹೆಚ್ಚಾದ ಸಾರಜನಕವೂ ಕಾರಣ.

ಎಲೆಮರೆ:

ಹಳದಿ ಗೀರಿನ ಕ್ಯಾನಾ ಬಗ್ಗೆ ಮೊದಲು ಹೇಳುತ್ತೇನೆ, ಇಡೀ ಪಾತಿಗೆ ಅಪಾಯ ಇರುವುದು ಅಲ್ಲೇ. ಆ ಎರಡು ಬುಡಗಳನ್ನು ಸದ್ಯಕ್ಕೆ ಒಡೆಯಬೇಡಿ.

ಕಬ್ಬಿಣದ ಕೊರತೆಯಾದರೆ ಎಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ, ನರಗಳು ಹಸಿರಾಗಿಯೇ ಉಳಿದು ನಡುವಿನ ಜಾಗ ಬಿಳಿಚುತ್ತದೆ. ಮೆಗ್ನೀಸಿಯಂ ಕೊರತೆಯಲ್ಲೂ ನರದ ನಡುವೆಯೇ ಹಳದಿ, ಆದರೆ ಹಳೆಯ ಎಲೆಗಳಲ್ಲಿ ಮೊದಲು. ಮಣ್ಣಿನ ದೋಷವಾದ್ದರಿಂದ ಒಂದೇ ಪಾತಿಯ ಅಕ್ಕಪಕ್ಕದ ಬುಡಗಳಲ್ಲೂ ಸಾಮಾನ್ಯವಾಗಿ ಕಾಣಿಸುತ್ತದೆ. ವೈರಸ್ ಆದರೆ ಹಳದಿ ಗೀರು ಅಥವಾ ಚುಕ್ಕೆ ನರದ ಉದ್ದಕ್ಕೇ ಕೂರುತ್ತದೆ, ಎಲೆಯಿಂದ ಎಲೆಗೆ ಮುಂದುವರಿಯುತ್ತದೆ, ಎಲೆ ಸೊಟ್ಟಗಾಗುವುದು, ಗೀರಿನ ಜಾಗ ಕಂದಾಗಿ ಒಣಗುವುದು ಸೇರಿಕೊಳ್ಳುತ್ತದೆ, ಮತ್ತು ಒಂದು ಬುಡ ಹೀಗಿದ್ದರೆ ಪಕ್ಕದ್ದು ಚೆನ್ನಾಗಿಯೇ ಇರಬಹುದು. ನಿಮ್ಮ ವಿವರಣೆ ವೈರಸ್‌ಗೇ ಹತ್ತಿರ. ಬಣ್ಣದ ಗೀರು ಸಹಜವಾಗಿಯೇ ಇರುವ ಅಲಂಕಾರಿಕ ತಳಿಗಳೂ ಇವೆ, ಅವುಗಳಲ್ಲಿ ಗೀರು ಎಲ್ಲ ಎಲೆಯಲ್ಲೂ ಒಂದೇ ಕ್ರಮದಲ್ಲಿ, ಗಿಡ ಸೊಂಪಾಗಿ ಇರುತ್ತದೆ.

ಕ್ಯಾನಾಗೆ ಬರುವ ವೈರಸ್‌ಗಳಲ್ಲಿ ಕ್ಯಾನಾ ಯೆಲ್ಲೋ ಮಾಟಲ್, ಕ್ಯಾನಾ ಯೆಲ್ಲೋ ಸ್ಟ್ರೀಕ್, ಬೀನ್ ಯೆಲ್ಲೋ ಮೊಸಾಯಿಕ್ ಮುಖ್ಯವಾದವು. ವೈರಸ್ ಗೆಡ್ಡೆಯಲ್ಲೇ ಇರುವುದರಿಂದ ಒಂದು ಬುಡವನ್ನು ಎಂಟು ತುಂಡು ಮಾಡಿದರೆ ಎಂಟು ರೋಗಿ ಗಿಡ. ಯಾವ ಔಷಧಿ ಸಿಂಪಡಿಸಿದರೂ ಹೋಗುವುದಿಲ್ಲ. ಬೀನ್ ಯೆಲ್ಲೋ ಮೊಸಾಯಿಕ್ ಅನ್ನು ಸಸ್ಯಹೇನುಗಳೂ ಹರಡುತ್ತವೆ. ಹಾಗಾಗಿ ಅನುಮಾನ ಖಚಿತವಾದ ಬುಡವನ್ನು ಗೆಡ್ಡೆಯ ಚೂರೂ ಉಳಿಯದಂತೆ ತೆಗೆದು ತೋಟದಿಂದ ಹೊರಗೆ ಹಾಕಿ. ಕಾಂಪೋಸ್ಟ್ ಗುಂಡಿಗೆ ಬೇಡ, ಗೆಡ್ಡೆ ಅಲ್ಲೇ ಚಿಗುರುತ್ತದೆ. ಕೆಲಸದ ಸರದಿಯೂ ಮುಖ್ಯ: ಆರೋಗ್ಯವಾದ ಬುಡಗಳನ್ನು ಮೊದಲು ಒಡೆದು ನೆಟ್ಟು ಮುಗಿಸಿ, ಅನುಮಾನದ ಬುಡ ಮುಟ್ಟುವುದು ಕೊನೆಗೆ.

ಚಾಕು, ಗರಗಸಗಳಿಗೆ ಮೆತ್ತಿದ ಮಣ್ಣನ್ನು ಮೊದಲು ತೊಳೆಯಿರಿ, ಮಣ್ಣಿದ್ದರೆ ಬ್ಲೀಚ್ ಬಲ ಕಳೆದುಕೊಳ್ಳುತ್ತದೆ. ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಒಂಬತ್ತು ಪಾಲು ನೀರು, ಆ ದಿನವೇ ಕಲಸಿದ್ದು. ಕೆಲಸ ಮುಗಿದ ಮೇಲೆ ನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಹಚ್ಚದಿದ್ದರೆ ತುಕ್ಕು ಹಿಡಿಯುತ್ತದೆ. ಒಂದು ಬುಡದಿಂದ ಇನ್ನೊಂದಕ್ಕೆ ಹೋಗುವಾಗ ಬೇಗ ಒರೆಸಿಕೊಳ್ಳಲು 70 ಶೇಕಡಾ ಆಲ್ಕೋಹಾಲ್ ಅನುಕೂಲ. ಕೊಳೆರೋಗಗಳಿಗೆ ಅದು ಸಾಕು, ವೈರಸ್ ವಿಷಯದಲ್ಲಿ ಅದನ್ನೇ ನಂಬಿ ಕೂರಬಾರದು, ಅದಕ್ಕೇ ಮೇಲೆ ಸರದಿ ಹೇಳಿದ್ದು.

ಬೇರು ಕೈಯಲ್ಲಿದ್ದಾಗ ಇನ್ನೆರಡನ್ನು ನೋಡಿ. ಒಂದು, ಬೇರುಗಂಟು ಜಂತು. ಬೇರಿನ ಉದ್ದಕ್ಕೆ ಅಡ್ಡಾದಿಡ್ಡಿ ಗಂಟುಗಳಿದ್ದು, ಉಜ್ಜಿದರೆ ಕಳಚದೆ ಬೇರೇ ಊದಿಕೊಂಡಂತೆ ಇದ್ದರೆ ಅದು ಜಂತುವಿನ ಕೆಲಸ. ಡೇಲಿಲಿಯ ಬೇರಿನಲ್ಲಿ ಸಹಜವಾಗಿಯೇ ನೀರು, ಆಹಾರ ತುಂಬಿದ ಉಬ್ಬುಗಳಿರುತ್ತವೆ, ಅವು ನುಣುಪಾಗಿ, ಒಂದೇ ತೆರನಾಗಿ ಇರುತ್ತವೆ. ಅದನ್ನು ರೋಗವೆಂದು ಎಸೆಯಬೇಡಿ. ಗಂಟಿನ ಬೇರಿನ ತುಂಡನ್ನು ಮಾತ್ರ ಹೊಸ ಪಾತಿಗೆ ಒಯ್ಯಬೇಡಿ, ಜಂತು ಅದರ ಜೊತೆಗೇ ಹೋಗುತ್ತದೆ. ಎರಡು, ಬುಡದಲ್ಲಿ ಬಿಳಿ ಬೂಷ್ಟಿನ ಎಳೆ ಮತ್ತು ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಅದು ಸ್ಕ್ಲೆರೋಷಿಯಂ ಶಿಲೀಂಧ್ರ. ಬಿಸಿ ಮತ್ತು ತೇವ ಎರಡೂ ಇರುವಲ್ಲಿ ಬೇಗ ಹಬ್ಬುತ್ತದೆ, ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಬುಡದ ಜೊತೆ ಸುತ್ತಲಿನ ಮೇಲ್ಮಣ್ಣನ್ನೂ ತೆಗೆದುಹಾಕಿ.

ಗೆಡ್ಡೆಯಲ್ಲಿ ಮೆತ್ತಗಾದ, ವಾಸನೆ ಬರುವ ಜಾಗವಿದ್ದರೆ ಗಟ್ಟಿಯಾದ ಶುಭ್ರ ತಿರುಳು ಸಿಗುವ ತನಕ ಕತ್ತರಿಸುತ್ತಾ ಹೋಗಿ. ಗಾಯಕ್ಕೆ ಗಂಧಕದ ಪುಡಿ ಅಥವಾ ಇದ್ದಿಲಪುಡಿ ಹಚ್ಚುವ ರೂಢಿ ಇದೆ. ದಪ್ಪ ಗೆಡ್ಡೆಗೆ ಹಚ್ಚಿದರೆ ತೊಂದರೆಯಿಲ್ಲ, ಆದರೆ ನೆರಳಿನಲ್ಲಿ ಒಣಗಿಸುವ ಕೆಲಸಕ್ಕೆ ಅದು ಬದಲಿಯಲ್ಲ.

ತುಂಗೆಬೇರು:

ಪೂರ್ತಿ ಕೀಳಲೇಬೇಕೆಂದಿಲ್ಲ ಅಲ್ಲವೇ? ಗುಂಪಿನ ಒಂದು ಬದಿಯಿಂದ ಸಲಿಕೆಯಲ್ಲಿ ಕಾಲುಭಾಗ ಸೀಳಿ ತೆಗೆದು, ಆ ಖಾಲಿಯನ್ನು ಕಾಂಪೋಸ್ಟ್ ಬೆರೆಸಿದ ಮಣ್ಣಿನಿಂದ ತುಂಬಿದರೆ ತಾಯಿಗಿಡ ಹೆಚ್ಚು ನಲುಗುವುದಿಲ್ಲ, ಅದರ ಹೂವೂ ನಿಲ್ಲುವುದಿಲ್ಲ. ಅಗಪ್ಯಾಂಥಸ್‌ಗೆ ಇದೇ ಸರಿ ಎನಿಸುತ್ತದೆ.

ಕೆಂಗೆಡ್ಡೆ:

ನಡುಭಾಗ ಜೀವಂತವಾಗಿದ್ದರೆ ಖಂಡಿತ ಮಾಡಬಹುದು, ಅಗಪ್ಯಾಂಥಸ್‌ಗೆ ನಾನೂ ಒಪ್ಪುತ್ತೇನೆ. ಡೇಲಿಲಿಯಂತೆ ನಡು ಬೋಳಾಗಿದ್ದರೆ ಬದಿ ಸೀಳುವುದರಿಂದ ಸಮಸ್ಯೆ ಹಾಗೇ ಉಳಿಯುತ್ತದೆ, ಸೀಳಿ ತೆಗೆದದ್ದು ಒಳ್ಳೆಯ ಭಾಗ, ಉಳಿದದ್ದು ಸತ್ತ ಭಾಗ.

ಪೂರ್ತಿ ಕೀಳಲು ಇನ್ನೊಂದು ಬಲವಾದ ಕಾರಣ ಕಳೆ. ಗರಿಕೆ ಅಥವಾ ಜೇಕು ಗುಂಪಿನೊಳಗೆ ಹೊಕ್ಕಿದ್ದರೆ ಮೇಲಿನಿಂದ ಎಷ್ಟು ಕಿತ್ತರೂ ಮುಗಿಯುವುದಿಲ್ಲ. ಬುಡ ಎತ್ತಿ, ಮಣ್ಣನ್ನೆಲ್ಲ ತೊಳೆದು, ಗರಿಕೆಯ ಬಿಳಿ ಚೂಪು ಕಾಂಡಗಳನ್ನೂ ಜೇಕಿನ ಕಪ್ಪು ಗೆಡ್ಡೆಗಳನ್ನೂ ಒಂದೊಂದಾಗಿ ಬಿಡಿಸಬೇಕು. ಜೇಕಿನ ಗೆಡ್ಡೆಗಳು ಸಪೂರ ದಾರದಂಥ ಕಾಂಡದಲ್ಲಿ ಸರಣಿಯಾಗಿ ಇರುತ್ತವೆ, ದಾರ ತುಂಡಾದರೆ ಉಳಿದ ಗೆಡ್ಡೆ ಮತ್ತೆ ಮೊಳೆಯುತ್ತದೆ. ಕಳೆಯಿರುವ ಬುಡವನ್ನು ತೊಳೆಯದೆ ಹೊಸ ಪಾತಿಗೆ ಒಯ್ದರೆ ಕಳೆಯನ್ನೇ ನೆಟ್ಟಂತಾಗುತ್ತದೆ.

ಹೂಪಾತಿ:

ಎಲ್ಲರಿಗೂ ತುಂಬ ಧನ್ಯವಾದ. ಹಳದಿ ಗೀರಿನ ಎರಡು ಬುಡಗಳಿಗೆ ಗುರುತಿನ ಕಡ್ಡಿ ಚುಚ್ಚಿ ಇಟ್ಟಿದ್ದೇನೆ, ಅವನ್ನು ಕೊನೆಗೆ ತೆಗೆಯುತ್ತೇನೆ. ಇನ್ನು ಮೂರು ಪ್ರಶ್ನೆ. ತುಂಡುಗಳು ಜಾಗಕ್ಕಿಂತ ಹೆಚ್ಚಾಗುತ್ತವೆ, ಕೆಲವು ದಿನ ಇಡುವುದು ಹೇಗೆ? ಕುಂಡದಲ್ಲಿ ಡೇಲಿಯಾ, ಜರ್ಬೆರಾ, ಲ್ಯಾವೆಂಡರ್, ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಇವೆ, ಇವನ್ನೂ ಹೀಗೇ ಒಡೆಯಬಹುದೇ? ಗೊಬ್ಬರದ ಪ್ರಶ್ನೆ ಹಾಗೇ ಉಳಿದಿದೆ.

ಬೇರುಬಳಗ:

ಇಡುವುದು ಬೇರಿನ ಜಾತಿಯ ಮೇಲೆ. ಸೇವಂತಿಗೆಯಂಥ ತಂತುಬೇರಿನವು ಒಂದು ಗಂಟೆ ಬಿಸಿಲು ಗಾಳಿಗೂ ತಡೆಯುವುದಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿ ಇಟ್ಟರೆ ಒಂದೆರಡು ದಿನ. ಅದಕ್ಕೂ ಹೆಚ್ಚು ದಿನವಾಗುವಂತಿದ್ದರೆ ನೆರಳಿನಲ್ಲಿ ಸಣ್ಣ ಕಾಲುವೆ ತೋಡಿ ತುಂಡುಗಳನ್ನು ಓರೆಯಾಗಿ ಸಾಲಾಗಿಟ್ಟು ಬೇರಿಗೆ ಮಣ್ಣು ಮುಚ್ಚಿ, ಇಲ್ಲವೇ 15ರಿಂದ 20 ಸೆಂ.ಮೀ. ಕುಂಡಕ್ಕೆ ಹಾಕಿಬಿಡಿ. ಬಕೆಟ್ ನೀರಿನಲ್ಲಿ ಮುಳುಗಿಸಿ ದಿನಗಟ್ಟಲೆ ಇಡುವುದು ಬೇಡ, ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ. ಕ್ಯಾನಾ ಗೆಡ್ಡೆಗಳನ್ನು ಮಾತ್ರ ಸ್ವಲ್ಪವೇ ತೇವವಿರುವ ಮರಳು ಅಥವಾ ತೆಂಗಿನ ನಾರಿನ ಪುಡಿಯಲ್ಲಿ, ತಂಪಾದ ಕಡೆ ವಾರಗಟ್ಟಲೆ ಇಡಬಹುದು. ನಡುನಡುವೆ ತೆಗೆದು ನೋಡಿ, ಸುಕ್ಕಾದರೆ ನೀರು ಚಿಮುಕಿಸಿ, ಮೆತ್ತಗಾದದ್ದನ್ನು ಎಸೆಯಿರಿ.

ಡೇಲಿಯಾದಲ್ಲಿ ಹೆಚ್ಚು ಜನ ಎಡವುವುದು ಗೆಡ್ಡೆಯನ್ನು ನೋಡಿ. ಗೆಡ್ಡೆ ಎಷ್ಟೇ ದಪ್ಪವಿರಲಿ ಅದರ ಮೈಯಲ್ಲಿ ಕಣ್ಣು ಇರುವುದಿಲ್ಲ. ಕಣ್ಣು ಇರುವುದು ಹಳೆಯ ಕಾಂಡದ ಬುಡದಲ್ಲಿ, ಗೆಡ್ಡೆಯ ಕುತ್ತಿಗೆ ಅದಕ್ಕೆ ಸೇರುವ ಕಡೆ. ಕಾಂಡದ ಬುಡದ ಒಂದು ಚೂರು ಕಣ್ಣು ಸಮೇತ ಗೆಡ್ಡೆಗೆ ಅಂಟಿರುವಂತೆ ಕತ್ತರಿಸಬೇಕು. ಕುತ್ತಿಗೆ ಮುರಿದ ಗೆಡ್ಡೆ ಮಣ್ಣಿನಲ್ಲಿ ಬೇರು ಬಿಟ್ಟರೂ ಗಿಡವಾಗುವುದಿಲ್ಲ. ಕಣ್ಣು ಗುರುತಿಸಲು ಕಷ್ಟವಾದರೆ ಗುಂಪನ್ನು ಹಾಗೇ ಬೆಚ್ಚಗಿನ ತೇವದಲ್ಲಿ ಎರಡು ವಾರ ಇಟ್ಟು, ಕಣ್ಣು ಉಬ್ಬಿದ ಮೇಲೆ ಕತ್ತರಿಸಿ.

ಜರ್ಬೆರಾವನ್ನು ಒಡೆಯಬಹುದು, ಪ್ರತಿ ತುಂಡಿಗೆ 2ರಿಂದ 3 ಸುಳಿ. ನೆಡುವಾಗ ಎಲೆಗಳು ಹುಟ್ಟುವ ಬುಡ ಮಣ್ಣಿನ ಮಟ್ಟಕ್ಕಿಂತ ತುಸು ಮೇಲೇ ಇರಬೇಕು. ಮಣ್ಣು ಸುಳಿಯೊಳಗೆ ಹೊಕ್ಕರೆ ಬುಡಕೊಳೆ ಬಂದೇ ಬರುತ್ತದೆ ಎಂದುಕೊಳ್ಳಿ. ನೀರನ್ನೂ ಸುಳಿಗೆ ಬೀಳದಂತೆ ಬದಿಗೆ ಹಾಕಿ.

ಲ್ಯಾವೆಂಡರ್ ಮುಟ್ಟಬೇಡಿ. ಅದು ಒಂದೇ ಕಟ್ಟಿಗೆ ಕಾಂಡದಿಂದ ಕವಲೊಡೆದ ಪೊದೆ, ಸೀಳಿದರೆ ಬೇರಿರುವ ಅರ್ಧ ಬೇರಿಲ್ಲದ ಅರ್ಧ ಆಗುತ್ತದೆ. ಕಡ್ಡಿ ನೆಟ್ಟು ಹೊಸ ಗಿಡ ಮಾಡಿಕೊಳ್ಳಿ. ಲುಪಿನ್, ಪಾಪಿಯಂತೆ ಒಂದೇ ದಪ್ಪ ತಾಯಿಬೇರು ಇಳಿಬಿಡುವ ಗಿಡಗಳಿಗೂ ಇದೇ ಮಾತು, ಅವನ್ನು ಬೀಜದಿಂದ ಅಥವಾ ಬೇರೆ ವಿಧಾನದಿಂದ ಬೆಳೆಸಬೇಕು.

ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಅನ್ನು ಒಡೆದೇ ಹೆಚ್ಚಿಸಬೇಕು. ಎಲೆಯ ತುಂಡು ನೆಟ್ಟರೆ ಗಿಡ ಬರುತ್ತದೆ, ಹಳದಿ ಅಂಚು ಬರುವುದಿಲ್ಲ. ಗೆಡ್ಡೆ ಸಮೇತ ಕತ್ತರಿಸಿ, ಗಾಯ ಒಣಗಿಸಿ, ಒಣಮಣ್ಣಿನಲ್ಲಿ ನೆಟ್ಟು, ಕೆಲವು ದಿನ ಬಿಟ್ಟು ನೀರು ಕೊಡಿ.

ಗೊಬ್ಬರ: ಗುಂಡಿಗೆ ರಾಸಾಯನಿಕ ಗೊಬ್ಬರವೂ ಬೇಡ, ಹಸಿ ಸಗಣಿ ಗೊಬ್ಬರವೂ ಬೇಡ. ಎರಡರ ಲವಣ ಮತ್ತು ಅಮೋನಿಯಾ ಈಗಷ್ಟೇ ಕತ್ತರಿಸಿದ ಬೇರನ್ನು ಸುಡುತ್ತವೆ. ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಪಾತಿಯ ಮೇಲೆ 5 ಸೆಂ.ಮೀ. ಹರಡಿ, ಮೇಲಿನ 20 ಸೆಂ.ಮೀ. ಮಣ್ಣಿಗೆ ಬೆರೆಸಿ ಆಮೇಲೆ ನೆಡಿ. ಹಳೆಯ ಜಾಗದಲ್ಲೇ ಮತ್ತೆ ನೆಡುವುದಾದರೆ ಇದನ್ನು ಬಿಡಲೇಬಾರದು, ಆ ಮಣ್ಣಿನ ಸಾರ ಐದು ವರ್ಷದಲ್ಲಿ ಗಿಡಗಳೇ ಹೀರಿಕೊಂಡಿವೆ. ಬೇರೆ ಪೋಷಣೆ ಹೊಸ ಎಲೆ ಬಂದ ಮೇಲೆ, ಅಂದರೆ 3ರಿಂದ 4 ವಾರಕ್ಕೆ.

ಎಲೆಮರೆ:

ನೆಟ್ಟ ನಂತರದ ಆರೈಕೆಯನ್ನೂ ಬರೆದುಬಿಡುತ್ತೇನೆ. ಬುಡದ ಸುತ್ತ ಮಣ್ಣನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಕೂಡಲೇ ನಿಧಾನವಾಗಿ ನೀರು ಹಾಯಿಸಿ, ಬೇರಿನ ನಡುವೆ ಸಿಕ್ಕ ಗಾಳಿ ಹೊರಬಂದು ಮಣ್ಣು ಇಳಿಯುತ್ತದೆ. ಇಳಿದಲ್ಲಿ ಇನ್ನಷ್ಟು ಮಣ್ಣು ಹಾಕಿ. ಒಣಹುಲ್ಲು ಅಥವಾ ತರಗೆಲೆಯ ಹೊದಿಕೆ 5 ಸೆಂ.ಮೀ. ದಪ್ಪ ಸಾಕು, ಆದರೆ ಬುಡದಿಂದ ನಾಲ್ಕು ಬೆರಳು ದೂರವಿರಲಿ, ಬುಡಕ್ಕೆ ತಾಗಿದರೆ ಕೊಳೆಯುತ್ತದೆ. ಮೊದಲ 7ರಿಂದ 10 ದಿನ ನಡುಹಗಲಿನ ಬಿಸಿಲಿಗೆ ನೆರಳು ಕಟ್ಟಿ. ನೀರಿಗೆ ದಿನದ ಲೆಕ್ಕ ಇಡಬೇಡಿ, ಬೆರಳನ್ನು 5 ಸೆಂ.ಮೀ. ಒಳಗೆ ಚುಚ್ಚಿ ಒಣಗಿದ್ದರೆ ಮಾತ್ರ ಕೊಡಿ.

ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಚಿಂತೆಯಿಲ್ಲ. ಬೆಳಗ್ಗೆಯೂ ಬಾಡಿಯೇ ಇದ್ದು ಮಣ್ಣು ತೇವವಾಗಿದ್ದರೆ ಬೇರು ಇನ್ನೂ ಹಿಡಿದಿಲ್ಲ. ಆಗ ನೀರು ಹೆಚ್ಚಿಸಬೇಡಿ, ಎಲೆಯನ್ನು ಇನ್ನಷ್ಟು ಕತ್ತರಿಸಿ, ನೆರಳು ಮುಂದುವರಿಸಿ. ಸಣ್ಣ ತುಂಡಿನಲ್ಲಿ ಬೇಗನೆ ಹೂದಂಟು ಬಂದರೆ ಮೊದಲನೆಯದನ್ನು ಚಿವುಟಿ, ಆ ಶಕ್ತಿ ಬೇರಿಗೆ ಹೋಗಲಿ. ಎರಡು ಮೂರು ವಾರದ ನಂತರ ಸುಳಿಯಿಂದ ಹೊಸ ಎಲೆ ಕಂಡು, ಗಿಡವನ್ನು ಮೆಲ್ಲಗೆ ಎಳೆದಾಗ ಅಲುಗದೆ ಗಟ್ಟಿಯಾಗಿ ನಿಂತರೆ ಬೇರು ಹಿಡಿದಿದೆ. ನೆರಳು ತೆಗೆಯುವುದು ಆಗ, ಅದೂ ಒಂದೇ ದಿನದಲ್ಲಿ ಅಲ್ಲ: ಮೊದಲು ಬೆಳಗಿನ ಬಿಸಿಲು, ನಾಲ್ಕೈದು ದಿನ ಬಿಟ್ಟು ಪೂರ್ತಿ ಬಿಸಿಲು.